ಹೊಂದಾಣಿಕೆಯ ಚರಿತ್ರೆ ಮತ್ತು ಒಂದು ಹಳೆಯ ಸಾಲ



ಕಳೆದ ಆಷಾಢದಲ್ಲಿ ಬೆಂಗಳೂರಿನಿಂದ ಹಳದೀಪುರಕ್ಕೆ ಬಂದಿದ್ದ ನನ್ನ ಮೊಮ್ಮಗ ರಾತ್ರಿಯ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಒಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದ. ಅವನು ಬಿಡಿಭಾಗಗಳನ್ನು ಕೊಂಡು ತಾನೇ ಒಂದು ಕಂಪ್ಯೂಟರ್ ಜೋಡಿಸುವವನಿದ್ದಾನೆ. ಪಟ್ಟಿಯ ತಲೆಯಲ್ಲಿ ಒಂದು ಪ್ರೊಸೆಸರಿನ ಹೆಸರು, ಅದರ ಕೆಳಗೆ ಮೂರು ಮದರ್‌ಬೋರ್ಡುಗಳ ಹೆಸರು. "ಅಜ್ಜಾ, ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಇದನ್ನು ಓಡಿಸಬೇಕು ಅಂತಿದ್ದೇನೆ. ಈ ಮೂರರಲ್ಲಿ ಯಾವ ಬೋರ್ಡು ಇದಕ್ಕೆ ಹೊಂದುತ್ತದೆ?" ಎಂದು ಕೇಳಿದ. ಎಂಬತ್ತರ ಹತ್ತಿರದ ಅಜ್ಜನಿಗೆ ಇಂಥ ಪ್ರಶ್ನೆ ಹಾಕುವ ಮೊಮ್ಮಗನಿರುವುದು ಭಾಗ್ಯವೇ ಸರಿ. ಆದರೆ ನಾನು ತಕ್ಷಣ ಉತ್ತರಿಸಲಿಲ್ಲ. ಇದೇ ಪ್ರಶ್ನೆಯನ್ನು 1999ರಲ್ಲಿ ಇನ್ನೊಬ್ಬ ಹುಡುಗ ನನ್ನ ಮುಂದಿಟ್ಟಿದ್ದ. ಅವನಿಗೆ ನಾನೊಂದು ಸಾಲ ತೀರಿಸುವುದಿದೆ. ಆ ಸಾಲದ ಲೆಕ್ಕ ನಿಮಗೆ ಅರ್ಥವಾಗಬೇಕಾದರೆ ಮೊದಲು ಈ ಹೊಂದಾಣಿಕೆಯೆಂಬುದರ ಚರಿತ್ರೆಯನ್ನು ಹೇಳಬೇಕು. ಮೇಷ್ಟ್ರ ಹಳೆಯ ಚಾಳಿ ಎಂದು ಕ್ಷಮಿಸಿ ಓದಿರಿ.

ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ಚಿಪ್ಪು. ಮದರ್‌ಬೋರ್ಡ್ ಎಂದರೆ ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಅದಕ್ಕೆ ವಿದ್ಯುತ್ತು ಉಣಿಸಿ, ತಾಳ ಹಾಕಿಕೊಟ್ಟು, ನೆನಪಿನ ಚಿಪ್ಪುಗಳೊಡನೆಯೂ ಹಾರ್ಡ್ ಡಿಸ್ಕಿನೊಡನೆಯೂ ಮಾತನಾಡಿಸುವ ಹಲಗೆ. ತಾಯಿಹಲಗೆ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ಇವೆರಡೂ ಕೂಡಬೇಕಾದರೆ ನಾಲ್ಕು ವಿಷಯಗಳಲ್ಲಿ ಒಪ್ಪಂದವಾಗಬೇಕು: ಕೂರುವ ಸಾಕೆಟ್ಟು, ಉಣ್ಣುವ ವೋಲ್ಟೇಜು, ನಡೆಯುವ ತಾಳ, ಮತ್ತು ಬೋರ್ಡಿನಲ್ಲಿರುವ ಬಯಾಸ್ ಎಂಬ ಮೂಲ ತಂತ್ರಾಂಶಕ್ಕೆ ಆ ಪ್ರೊಸೆಸರಿನ ಪರಿಚಯ. ಸಾಕೆಟ್ಟೊಂದನ್ನೇ ನೋಡಿ ಸಂಬಂಧ ಕುದುರಿಸಿ ಕೈಸುಟ್ಟುಕೊಂಡವರ ಕಥೆಗಳಿಂದಲೇ ಈ ಚರಿತ್ರೆ ತುಂಬಿದೆ.

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಅದರ ಇಂಟೆಲ್ 8088 ಪ್ರೊಸೆಸರ್ ನಡೆಯುತ್ತಿದ್ದುದು 4.77 ಮೆಗಾಹರ್ಟ್ಸ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ನಲವತ್ತೇಳು ಲಕ್ಷ ಎಪ್ಪತ್ತು ಸಾವಿರ ಬಡಿತ. ಅದರಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ಕಂಪನಿ ಕೊಟ್ಟದ್ದನ್ನು ಕೊಳ್ಳುವುದಷ್ಟೆ. 1984ರಲ್ಲಿ ಬಂದ ಪಿಸಿ ಎಟಿ ಎಂಬ ಯಂತ್ರದಲ್ಲಿ 80286 ಪ್ರೊಸೆಸರ್ 6 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಬಡಿತ ಕೊಡುವ 12 ಮೆಗಾಹರ್ಟ್ಸ್‌ನ ಸ್ಫಟಿಕವನ್ನು ಬೆಸುಗೆ ಹಾಕದೆ ಸುಮ್ಮನೆ ಸಿಕ್ಕಿಸಿಟ್ಟಿದ್ದರು. ಕುತೂಹಲಿಗಳು ಅದನ್ನು ಕಿತ್ತು 16 ಮೆಗಾಹರ್ಟ್ಸ್‌ನ ಇನ್ನೊಂದು ಸ್ಫಟಿಕ ಇಟ್ಟರು. ಯಂತ್ರ ತಕರಾರಿಲ್ಲದೆ 8 ಮೆಗಾಹರ್ಟ್ಸ್‌ನಲ್ಲಿ ಓಡಿತು. ಕಂಪನಿ ಮುಂದಿನ ಯಂತ್ರಗಳ ಬಯಾಸಿನಲ್ಲಿ ವೇಗ ಅಳೆಯುವ ಪರೀಕ್ಷೆಯೊಂದನ್ನು ಸೇರಿಸಿ ಆ ದಾರಿಯನ್ನು ಮುಚ್ಚಿತು. ಓವರ್‌ಕ್ಲಾಕಿಂಗ್ ಎಂದು ಇಂದು ಕರೆಯುವ ವಿದ್ಯೆಯ ಬಾಲ್ಯ ಇದು. ಕಂಪನಿ ಬರೆದಿಟ್ಟ ವೇಗವು ಚಿಪ್ಪಿನ ಮಿತಿಯಲ್ಲ, ಇಷ್ಟಂತೂ ಓಡುತ್ತದೆ ಎಂಬ ಭರವಸೆ ಎಂಬುದು ಜನರಿಗೆ ಅಂದೇ ಗೊತ್ತಾಯಿತು.

ಅನಂತರ 1992ರಲ್ಲಿ ಇಂಟೆಲ್ 486ಡಿಎಕ್ಸ್2 ಎಂಬ ಪ್ರೊಸೆಸರನ್ನು ತಂದಿತು. ಬೋರ್ಡು 33 ಮೆಗಾಹರ್ಟ್ಸ್‌ನಲ್ಲಿ ನಡೆದರೆ ಇದು ಒಳಗೊಳಗೇ ಎರಡರಷ್ಟು, ಎಂದರೆ 66ರಲ್ಲಿ ಓಡುತ್ತಿತ್ತು. ಇದನ್ನು ತರಗತಿಯಲ್ಲಿ ನಾನು ಯಕ್ಷಗಾನದ ಮೂಲಕ ವಿವರಿಸುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಭಾಗವತರು ತಾಳ ಹಾಕುತ್ತಾರೆ. ಅವರ ಒಂದು ತಾಳದ ಅವಧಿಯಲ್ಲಿ ಚಂಡೆಯವನು ಎರಡು ಪೆಟ್ಟು ಹಾಕಬಲ್ಲ, ನಾಲ್ಕೂ ಹಾಕಬಲ್ಲ. ಭಾಗವತರ ತಾಳವೇ ಬೋರ್ಡಿನ ಬಡಿತ. ಒಂದು ತಾಳಕ್ಕೆ ಎಷ್ಟು ಪೆಟ್ಟು ಎಂಬುದೇ ಗುಣಕ. ಚಂಡೆಯ ವೇಗ ಹೆಚ್ಚಿಸಲು ದಾರಿ ಎರಡೇ: ಗುಣಕವನ್ನು ಏರಿಸಬೇಕು, ಇಲ್ಲವೇ ಭಾಗವತರ ತಾಳವನ್ನೇ ಚುರುಕುಗೊಳಿಸಬೇಕು. ಎರಡನೆಯ ದಾರಿಯಲ್ಲಿ ಒಂದು ತೊಡಕಿದೆ. ತಾಳ ಚುರುಕಾದರೆ ಮದ್ದಲೆಯವನೂ ವೇಷಧಾರಿಯೂ ಅದರ ಹಿಂದೆ ಓಡಲೇಬೇಕು. ಯಾರಾದರೊಬ್ಬ ಮುಗ್ಗರಿಸಿದರೆ ಆಟವೇ ಕೆಟ್ಟಿತು.

1993ರಲ್ಲಿ ಪೆಂಟಿಯಂ ಬಂತು. ಪುಣೆಯಲ್ಲಿ ಹುಟ್ಟಿ, ದೆಹಲಿಯಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ವಿನೋದ್ ಧಾಮ್ ಅವರು ಅದರ ಹಿಂದಿದ್ದ ಪ್ರಮುಖರಲ್ಲೊಬ್ಬರು. ಅವರು 1995ರಲ್ಲಿ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿಯನ್ನು ಸೇರಿದರು. ಎಎಂಡಿ ಕಂಪನಿಯು ನೆಕ್ಸ್‌ಜೆನ್ನನ್ನು ಕೊಂಡುಕೊಂಡಿತು. ಅಲ್ಲಿ ಆರಂಭವಾಗಿದ್ದ ವಿನ್ಯಾಸವೇ 1997ರಲ್ಲಿ ಎಎಂಡಿ ಕೆ6 ಎಂಬ ಪ್ರೊಸೆಸರಾಗಿ ಹೊರಬಂತು. ಅದು ಕೂರುತ್ತಿದ್ದುದು ಇಂಟೆಲ್ ಪೆಂಟಿಯಮ್ಮಿಗೆಂದೇ ಇದ್ದ ಸಾಕೆಟ್ 7ರಲ್ಲಿ! 321 ರಂಧ್ರಗಳ ಆ ಒಂದು ಸಾಕೆಟ್ಟಿನಲ್ಲಿ ಇಂಟೆಲ್, ಎಎಂಡಿ, ಸೈರಿಕ್ಸ್ ಮೂವರ ಪ್ರೊಸೆಸರುಗಳೂ ಕೂರುತ್ತಿದ್ದವು. ಒಂದೇ ಚಪ್ಪರದಡಿ ಮೂರು ಮನೆಯ ನೆಂಟರು ಊಟಕ್ಕೆ ಕುಳಿತಂಥ ಕಾಲ ಅದು.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. 1997ರ ಜನವರಿಯಲ್ಲಿ ಬಂದ ಪೆಂಟಿಯಂ ಎಂಎಂಎಕ್ಸ್ ಪ್ರೊಸೆಸರಿಗೆ ಒಳಗಿನ ಕೆಲಸಕ್ಕೆ 2.8 ವೋಲ್ಟ್, ಹೊರಗಿನ ವ್ಯವಹಾರಕ್ಕೆ 3.3 ವೋಲ್ಟ್, ಹೀಗೆ ಎರಡು ಬಗೆಯ ಊಟ ಬೇಕಿತ್ತು. ಹಳೆಯ ಬೋರ್ಡುಗಳಲ್ಲಿ ಎಷ್ಟೋ ಒಂದೇ ವೋಲ್ಟೇಜು ಬಡಿಸಬಲ್ಲವಾಗಿದ್ದವು. ಅಂಥವುಗಳಲ್ಲಿ ಪ್ರೊಸೆಸರ್ ಅಂದವಾಗಿ ಕೂರುತ್ತಿತ್ತು, ಆದರೆ ಬಾಳುವೆ ಸಾಗುತ್ತಿರಲಿಲ್ಲ.

ಅದೇ 1997ರ ಮೇ ತಿಂಗಳಲ್ಲಿ ಇಂಟೆಲ್ ಪೆಂಟಿಯಂ 2 ಪ್ರೊಸೆಸರಿನೊಡನೆ ಸ್ಲಾಟ್ 1 ಎಂಬ ಹೊಸ ಏರ್ಪಾಡು ತಂದಿತು. ಪ್ರೊಸೆಸರನ್ನು ಮಲಗಿಸುವ ಬದಲು ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ನೆಟ್ಟಗೆ ನಿಲ್ಲಿಸುವ ಪದ್ಧತಿ. ಅದರ ಹಕ್ಕನ್ನು ಇಂಟೆಲ್ ಎಎಂಡಿಗೆ ಕೊಡಲಿಲ್ಲ. ಚಪ್ಪರದ ಊಟ ಅಲ್ಲಿಗೆ ಮುಗಿಯಿತು. ಎಎಂಡಿ 1999ರಲ್ಲಿ ತನ್ನ ಅಥ್ಲಾನ್ ಪ್ರೊಸೆಸರಿಗೆ ಸ್ಲಾಟ್ ಎ ಮಾಡಿಕೊಂಡಿತು. ಆ ಸ್ಲಾಟಿನ ಅಚ್ಚು ಇಂಟೆಲ್‌ನದೇ, ಕೂರಿಸಿದ ದಿಕ್ಕು ಮಾತ್ರ ತಿರುಗುಮುರುಗು. ವಿದ್ಯುತ್ತಿನ ಭಾಷೆಯೂ ಪೂರಾ ಬೇರೆ. ಇದೇ ಕಾಲಕ್ಕೆ ಇಂಟೆಲ್ ಗುಣಕಕ್ಕೆ ಬೀಗ ಹಾಕಿತು. ಅದಕ್ಕೊಂದು ನ್ಯಾಯವಾದ ಕಾರಣವೂ ಇತ್ತು. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಂಕಿಯನ್ನು ಉಜ್ಜಿ, ಹೆಚ್ಚಿನ ವೇಗದ ಅಂಕಿಯನ್ನು ಅಚ್ಚೊತ್ತಿ ಮಾರುವ ಮೋಸ ಹಲವು ದೇಶಗಳ ಸಂತೆಯಲ್ಲಿ ನಡೆದಿತ್ತು. ಬೀಗ ಬಿದ್ದ ಮೇಲೆ ಕುತೂಹಲಿಗಳಿಗೆ ಉಳಿದದ್ದು ಭಾಗವತರ ತಾಳವನ್ನು ಏರಿಸುವ ದಾರಿ ಒಂದೇ. ಎಂದರೆ ಬೋರ್ಡಿನ ಆಯ್ಕೆಯೇ ಸರ್ವಸ್ವವಾಯಿತು.

ಇಲ್ಲಿ 1998ರ ಆಗಸ್ಟ್ ತಿಂಗಳನ್ನು ಸ್ಮರಿಸಬೇಕು. ಆಗ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ತಂದಿತು. ಬೆಲೆ 149 ಡಾಲರ್. ಅದೇ ತಿಂಗಳು ಬಂದ ಪೆಂಟಿಯಂ 2ರ 450 ಮೆಗಾಹರ್ಟ್ಸ್ ಮಾದರಿಯ ಬೆಲೆ 660 ಡಾಲರಿಗೂ ಮಿಕ್ಕಿ. ಸೆಲೆರಾನಿನ ಬೋರ್ಡಿನ ತಾಳ 66, ಬೀಗ ಹಾಕಿದ ಗುಣಕ ನಾಲ್ಕೂವರೆ, ಗುಣಿಸಿದರೆ 300. ತಾಳವನ್ನು 100ಕ್ಕೆ ಏರಿಸಿದರೆ? ನಾಲ್ಕೂವರೆ ನೂರು. ಬಡವನ ಪ್ರೊಸೆಸರು ಸಾಹುಕಾರನ ಪ್ರೊಸೆಸರಿನ ವೇಗ ಮುಟ್ಟಿಬಿಡುತ್ತಿತ್ತು. ಪೆಂಟಿಯಂ 2ರಲ್ಲಿ 512 ಕಿಲೋಬೈಟಿನ ಉಗ್ರಾಣ ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಸೆಲೆರಾನಿನ ಉಗ್ರಾಣ 128 ಕಿಲೋಬೈಟಷ್ಟೇ ಆದರೂ ಪ್ರೊಸೆಸರಿನ ಒಳಗೇ ಇದ್ದು ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ಇಂಥ ಓಟಕ್ಕೆ ತಕ್ಕ ತಾಯಿಹಲಗೆಯೂ ಅದೇ ವರ್ಷ ಸಿದ್ಧವಾಗಿತ್ತು. ಇಂಟೆಲ್‌ನ 440ಬಿಎಕ್ಸ್ ಎಂಬ ಚಿಪ್‌ಸೆಟ್ 66 ಮತ್ತು 100 ಎರಡೂ ತಾಳಗಳನ್ನು ಬಲ್ಲದ್ದು. ತೈವಾನಿನ ಅಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಪೆಟ್ಟಿಗೆ ಬಿಚ್ಚದೆ, ಬಯಾಸಿನ ಪರದೆಯಲ್ಲೇ ತಾಳವನ್ನೂ ವೋಲ್ಟೇಜನ್ನೂ ಬದಲಿಸಬಹುದಿತ್ತು. ಆ ಅನುಕೂಲವಿಲ್ಲದ ಬೋರ್ಡಿನವರು ಪ್ರೊಸೆಸರಿನ ಅಂಚಿನಲ್ಲಿದ್ದ ಬಿ21 ಎಂಬ ಒಂದು ಸಂಪರ್ಕದ ಮೇಲೆ ಟೇಪು ಅಂಟಿಸಿ ಅಥವಾ ಉಗುರುಬಣ್ಣ ಬಳಿದು ಬೋರ್ಡನ್ನು 100ರ ತಾಳಕ್ಕೆ ಒಪ್ಪಿಸುತ್ತಿದ್ದರು.

ಇನ್ನು ನಮ್ಮ ಊರಿಗೆ ಬರೋಣ. 1999ರಲ್ಲಿ ಕೆಲವು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೊಂದು ಕಂಪ್ಯೂಟರ್ ಕೊಡಿಸಿರೆಂದು ನನ್ನ ಕೈಯಲ್ಲಿಟ್ಟರು. ನನಗೆ ಭೌತಶಾಸ್ತ್ರ ಗೊತ್ತಿತ್ತೇ ಹೊರತು ಕಂಪ್ಯೂಟರಲ್ಲ. ಗೊತ್ತಿದ್ದವನು ಒಬ್ಬನೇ: ಹಿಂದಿನ ವರ್ಷ ಹತ್ತನೆಯ ತರಗತಿ ಮುಗಿಸಿ ಹೊನ್ನಾವರದ ಕಾಲೇಜಿಗೆ ಹೋಗುತ್ತಿದ್ದ, ಗಜನಿ ಗದ್ದೆಯ ಒಕ್ಕಲಿನ ಮನೆಯ ಹುಡುಗ. ಹೆಸರು ಬರೆಯಬಾರದೆಂದು ಅವನು ಕೇಳಿಕೊಂಡಿದ್ದಾನೆ. ಹಳೆಯ ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಗಳನ್ನು ಎಲ್ಲೆಲ್ಲಿಂದಲೋ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದ. "ಸರ್, ಬ್ರಾಂಡಿನ ಕಂಪ್ಯೂಟರ್ ಬೇಡ. ಸೆಲೆರಾನ್ 300ಎ, ಬಿಎಕ್ಸ್ ಬೋರ್ಡು, ನೂರು ಮೆಗಾಹರ್ಟ್ಸಿನ ಮೆಮೊರಿ, ಇಷ್ಟು ತಂದರೆ ನಾನು ಜೋಡಿಸಿಕೊಡುತ್ತೇನೆ" ಎಂದ. ಹಣದ ಲೆಕ್ಕ ನೋಡಿದೆ. ಅವನು ಹೇಳಿದಂತೆ ಮಾಡಿದರೆ ಒಂದು ಪ್ರಿಂಟರೂ ಬರುತ್ತಿತ್ತು.

ಇಬ್ಬರೂ ರಾತ್ರಿ ಬಸ್ಸಿನಲ್ಲಿ ಗೇರುಸೊಪ್ಪೆಯ ಘಟ್ಟ ಹತ್ತಿ, ಸಾಗರದ ದಾರಿಯಿಂದ ಬೆಂಗಳೂರಿಗೆ ಹೋದೆವು. ಎಸ್.ಪಿ. ರಸ್ತೆ ಎಂದು ಪ್ರಸಿದ್ಧವಾದ ಸದರ್ ಪತ್ರಪ್ಪ ರಸ್ತೆಯ ಆ ಇಕ್ಕಟ್ಟು ಓಣಿಗಳನ್ನು ಕಂಡದ್ದು ನಾನು ಅದೇ ಮೊದಲು. ಒಂದು ಅಂಗಡಿಯಲ್ಲಿ ಬೋರ್ಡು, ಇನ್ನೊಂದರಲ್ಲಿ ಪ್ರೊಸೆಸರು, ಮೆಟ್ಟಿಲು ಹತ್ತಿದರೆ ಮೆಮೊರಿ. ನಾವು ಕೊಂಡದ್ದು ಬಿಎಚ್6 ಅಲ್ಲ. ಅದಕ್ಕಿಂತ ಅಗ್ಗದ, ಅಷ್ಟೇನೂ ಹೆಸರಿಲ್ಲದ ಬೋರ್ಡು. ಚಿಪ್‌ಸೆಟ್ ಮಾತ್ರ ಅದೇ ಬಿಎಕ್ಸ್. ಹುಡುಗ ಅಂಗಡಿಯವರ ಮುಂದೆ ಪುಸ್ತಿಕೆಯನ್ನು ಬಿಡಿಸಿ, ಜಂಪರ್ ಎಂಬ ಸಣ್ಣ ಕೀಲುಗಳ ಕೋಷ್ಟಕವನ್ನು ಓದಿ, "100 ಇದೆ ಸರ್" ಎಂದು ನನ್ನತ್ತ ತಿರುಗಿ ನಕ್ಕದ್ದು ಕಣ್ಣಿಗೆ ಕಟ್ಟಿದಂತಿದೆ.

ಜೋಡಿಸಿದ ದಿನ ನಾನು ಅಂಜಿ, "ಒಮ್ಮೆಗೇ ನೂರಕ್ಕೆ ಹಾರಬೇಡ ಮಾಣಿ, ಮಧ್ಯದ 83ರಲ್ಲಿ ನಿಲ್ಲಿಸು" ಎಂದೆ. ಅವನು ನಾನು ಮರೆಯಲಾರದ ಪಾಠವನ್ನು ಹೇಳಿದ. ಹಾರ್ಡ್ ಡಿಸ್ಕು ಮುಂತಾದವುಗಳ ದಾರಿಯಾದ ಪಿಸಿಐ 33 ಮೆಗಾಹರ್ಟ್ಸ್‌ಗೆಂದು ಇರುವಂಥದು. ತಾಳ 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸಿ 33 ಕೊಡುತ್ತದೆ. 100 ಇದ್ದಾಗ ಮೂರರಿಂದ ಭಾಗಿಸಿ ಮತ್ತೆ 33 ಕೊಡುತ್ತದೆ. ಆದರೆ 83ರಲ್ಲಿ ಎರಡರಿಂದಲೇ ಭಾಗಿಸುವುದರಿಂದ ಅದು 41ನ್ನೂ ದಾಟುತ್ತದೆ. ಡಿಸ್ಕಿನಲ್ಲಿ ಬರೆದದ್ದೇ ಕೆಡಬಹುದು. ಎಂದರೆ ಮಧ್ಯಮ ಮಾರ್ಗವೇ ಹೆಚ್ಚು ಅಪಾಯದ್ದು, ಪೂರ್ಣ ನೂರೇ ಕ್ಷೇಮ! ಚಂಡೆ ಒಂದೂವರೆ ಪಟ್ಟು ವೇಗ ಪಡೆದರೂ ಮದ್ದಲೆಯವನು ತನ್ನ ನಡೆಯಲ್ಲೇ ಇರುತ್ತಾನೆ. ನನಗೆ ಅನುಭವವೆಂದು ತೋರಿದ್ದು ಬರಿಯ ಅಂಜಿಕೆ. ಅವನ ಬಳಿ ಇದ್ದದ್ದು ಲೆಕ್ಕ. ಯಂತ್ರ 450ರಲ್ಲಿ ಎದ್ದಿತು. ಶೇಷಾದ್ರಿ ವಾಸು ಅವರ "ಬರಹ" ತಂತ್ರಾಂಶವನ್ನು ಹಾಕಿ ನಾವು ಪರದೆಯ ಮೇಲೆ ಮೊದಲು ಮೂಡಿಸಿದ್ದು ಊರಿನ ಹೆಸರನ್ನು.

ಮೂರು ವರ್ಷ ಅದು ದುಡಿಯಿತು. ಪ್ರತಿ ಶನಿವಾರ ಅವನು ಕಾಲೇಜಿನಿಂದ ಬಂದು, ಫ್ಯಾನಿನ ದೂಳು ಒರೆಸಿ, ನಿಮ್ಮಂಥವರಿಗೆ ಪಾಠ ಹೇಳಿ ಹೋಗುತ್ತಿದ್ದ. 2002ರ ಮಳೆಗಾಲದಲ್ಲಿ ಯಂತ್ರ ತನ್ನಷ್ಟಕ್ಕೆ ನಿಲ್ಲತೊಡಗಿತು. ಒಂದು ದಿನ ಏಳಲೇ ಇಲ್ಲ. ಮಕ್ಕಳ ಕೈಬರಹದ ಪತ್ರಿಕೆಯನ್ನು ಅಚ್ಚಿಗೆ ಸಿದ್ಧಮಾಡುತ್ತಿದ್ದ ವಾರ ಅದು. ದುರಸ್ತಿಗೆ ಕರೆಸಿದವರು ನೋಡಿ, "ವೇಗ ಏರಿಸಿದ್ದಾರೆ, ಸುಟ್ಟುಹೋಗಿದೆ" ಎಂದರು. ಶನಿವಾರ ಅವನು ಬಂದಾಗ, ಮೂವತ್ತು ಮಕ್ಕಳೂ ಇಬ್ಬರು ಸಹೋದ್ಯೋಗಿಗಳೂ ಇದ್ದ ಕೋಣೆಯಲ್ಲಿ ನಾನು ಅಂದೆ: "ನಿನ್ನ ಚಪಲಕ್ಕೆ ಊರಿನವರ ಹಣ ಸುಟ್ಟೆಯಲ್ಲ!" ಅವನು ಎದುರಾಡಲಿಲ್ಲ. ಮುಂದಿನ ಆರು ತಿಂಗಳಲ್ಲಿ ತಿಂಗಳಿಗೆ ಮುನ್ನೂರರಂತೆ ಸಾವಿರದ ಎಂಟುನೂರು ರೂಪಾಯಿಗಳನ್ನು ತಂದು ಮೇಜಿನ ಮೇಲಿಟ್ಟ. ಹಳೆಯ ಬೋರ್ಡೊಂದರ ಬೆಲೆ ಅಷ್ಟಾಗಿತ್ತು. ನಾನು ಎಣಿಸಿ ತೆಗೆದುಕೊಂಡೆ. ಆಮೇಲೆ ಅವನು ಶನಿವಾರ ಬರುವುದನ್ನು ನಿಲ್ಲಿಸಿದ.

ಒಂದು ವಿಷಯವನ್ನು ಇಲ್ಲಿ ಅಡಗಿಸದೆ ಹೇಳಬೇಕು. ಹೊಸದಾಗಿ ತಂದ ಆ ಬೋರ್ಡಿನಲ್ಲಿ ಅದೇ ಸೆಲೆರಾನ್ ಪ್ರೊಸೆಸರನ್ನು ಇಟ್ಟಾಗ ಅದು ನಿರಾತಂಕವಾಗಿ ನಡೆಯಿತು. ಸುಟ್ಟಿದೆ ಎಂದು ಹೇಳಿದ ವಸ್ತು ಸುಟ್ಟಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಯೋಗ, ಅವಲೋಕನ, ತೀರ್ಮಾನ ಎಂದು ಬರೆಸಿದ ನನಗೆ ಆ ಒಂದು ಅವಲೋಕನ ಸಾಕಾಗಬೇಕಿತ್ತು. ಆದರೆ ತೀರ್ಮಾನವನ್ನು ನಾನು ಮೊದಲೇ ಬರೆದುಬಿಟ್ಟಿದ್ದೆ.

ಹಾಗಾದರೆ ಸತ್ತದ್ದು ಏನು? ಪ್ರೊಸೆಸರಿನ ಪಕ್ಕದಲ್ಲಿ ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳಂಥ ಕೆಪಾಸಿಟರುಗಳ ಸಾಲೊಂದಿರುತ್ತದೆ. ಹೊರಗಿನಿಂದ ಬರುವ ವಿದ್ಯುತ್ತನ್ನು ತುಂಡರಿಸಿ 2 ವೋಲ್ಟಿಗೆ ಇಳಿಸುವಾಗ, ಏರಿಳಿತವನ್ನು ತಮ್ಮೊಳಗೆ ತಾಳಿಕೊಂಡು ಪ್ರೊಸೆಸರಿಗೆ ಸಮನಾದ ಊಟ ಕೊಡುವುದು ಅವುಗಳ ಕೆಲಸ. ಬಾವಿಯಿಂದ ಕೊಡ ಕೊಡವಾಗಿ ಸೇದಿದ ನೀರು ತೊಟ್ಟಿಗೆ ಬಿದ್ದು, ತೊಟ್ಟಿಯಿಂದ ತೋಟಕ್ಕೆ ಒಂದೇ ಸಮನೆ ಹರಿಯುವಂತೆ. ಸುಮಾರು 1999ರಿಂದ ಮುಂದಿನ ಕೆಲವು ವರ್ಷ ತೈವಾನಿನ ಕೆಲವು ತಯಾರಕರ ಕೆಪಾಸಿಟರುಗಳಲ್ಲಿ ಒಳಗಿನ ದ್ರಾವಣವೇ ದೋಷದ್ದಾಗಿತ್ತು. ನೀರಿನಂಶ ಹೆಚ್ಚಿದ್ದ ಆ ದ್ರಾವಣವು ಲೋಹದೊಡನೆ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟಿಸುತ್ತಿತ್ತು. ಡಬ್ಬಿಯ ನೆತ್ತಿ ಉಬ್ಬಿ, ಬಿರಿದು, ಕಂದು ಬಣ್ಣದ ರಸ ಸೋರುತ್ತಿತ್ತು. ಜಪಾನಿನ ಕಂಪನಿಯಿಂದ ಕದ್ದ ಸೂತ್ರವನ್ನು ಅರ್ಧಂಬರ್ಧ ನಕಲು ಮಾಡಿದ್ದೇ ಕಾರಣವೆಂಬ ಸುದ್ದಿ 2002 ಮತ್ತು 2003ರಲ್ಲಿ ತಾಂತ್ರಿಕ ಪತ್ರಿಕೆಗಳಲ್ಲಿ ಬಂದಿತ್ತು. ಕದ್ದ ಕಥೆ ಎಷ್ಟು ನಿಜವೋ, ಉಬ್ಬಿದ ಡಬ್ಬಿಗಳು ಮಾತ್ರ ನಿಜ. ಹೆಸರಾಂತ ಕಂಪನಿಗಳ ಯಂತ್ರಗಳೂ ಲೋಕದೆಲ್ಲೆಡೆ ಹೀಗೆಯೇ ಸತ್ತವು. ವೇಗ ಏರಿಸದವರ ಯಂತ್ರಗಳೂ ಸತ್ತವು.

ಮೊಮ್ಮಗ ಪಟ್ಟಿ ತೋರಿಸಿದ ಮರುದಿನ ನಾನು ಅಟ್ಟ ಹತ್ತಿ ಆ ಸತ್ತ ಬೋರ್ಡನ್ನು ಇಳಿಸಿದೆ. ಯಾಕೆ ಇಟ್ಟುಕೊಂಡಿದ್ದೆನೋ ತಿಳಿಯದು. ಮೊಮ್ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಜ್ಜಾ, ಕೆಪಾಸಿಟರ್ ಎಲ್ಲ ಉಬ್ಬಿವೆ ನೋಡು" ಎಂದ. ಪ್ರೊಸೆಸರಿನ ಪಕ್ಕದ ಆರೂ ಡಬ್ಬಿಗಳ ನೆತ್ತಿ ಇಡ್ಲಿಯಂತೆ ಉಬ್ಬಿತ್ತು. ಎರಡರ ಬುಡದಲ್ಲಿ ಒಣಗಿದ ಕಂದು ಕಲೆ. ಆಗ ನೆನಪಾಯಿತು: ಅದೇ ಮಾದರಿಯ ಬೋರ್ಡು ಕುಮಟಾದ ಬಂಧುವೊಬ್ಬರ ಮನೆಯಲ್ಲೂ ಇತ್ತು. ಅವರು ವೇಗದ ಗೋಜಿಗೆ ಹೋದವರಲ್ಲ. ಅದು ಸಹ ಎರಡೇ ವರ್ಷಕ್ಕೆ ಹೀಗೆಯೇ ನಿಂತುಹೋಗಿತ್ತು. ವೇಗ ಏರಿಸಿದರೆ ಪ್ರೊಸೆಸರು ಹೆಚ್ಚು ಉಣ್ಣುತ್ತದೆ, ಆ ಭಾರ ಬೋರ್ಡಿನ ಮೇಲೆ ಬೀಳುತ್ತದೆ ಎಂಬುದು ಸತ್ಯ. ಆದ್ದರಿಂದ ಹುಡುಗನ ಪಾಲು ಸೊನ್ನೆ ಎಂದು ನಾನು ವಾದಿಸಲಾರೆ. ಆದರೆ ಮೂಲದ ರೋಗ ಡಬ್ಬಿಯೊಳಗಿತ್ತು. ಓಡಿದವನನ್ನು ದೂರಿದೆ, ಹೊತ್ತುಕೊಂಡ ಹಲಗೆಯನ್ನು ಯಾರೂ ತಿರುಗಿಸಿ ನೋಡಲಿಲ್ಲ.

ಅನಂತರದ ಚರಿತ್ರೆಯಲ್ಲೂ ಇದೇ ಪಾಠ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಸ್ಲಾಟಿನ ಕಾಲ ಬೇಗ ಮುಗಿದು ಸಾಕೆಟ್ 370 ಬಂತು. ಅದೇ 370 ರಂಧ್ರಗಳಲ್ಲಿ ಮೊದಲು ಸೆಲೆರಾನ್, ಆಮೇಲೆ 1999ರ ಪೆಂಟಿಯಂ 3, ಆಮೇಲೆ 2001ರ ಟುವಾಲಟಿನ್ ಎಂಬ ಪೀಳಿಗೆ ಕುಳಿತವು. ಆದರೆ ಮೊದಲಿನ ಬೋರ್ಡುಗಳಲ್ಲಿ ಕೊನೆಯವು ನಡೆಯಲಿಲ್ಲ. ವೋಲ್ಟೇಜೂ ಸಂಕೇತವೂ ಬದಲಾಗಿದ್ದವು. 2004ರಲ್ಲಿ ಇಂಟೆಲ್ ಪಿನ್ನುಗಳನ್ನು ಪ್ರೊಸೆಸರಿನಿಂದ ತೆಗೆದು ಬೋರ್ಡಿಗೇ ವರ್ಗಾಯಿಸಿತು. ಪಿನ್ನು ಬಾಗಿದರೆ ನಷ್ಟ ಇನ್ನು ಮುಂದೆ ಬೋರ್ಡಿನದು. 2017ರಲ್ಲಿ ಬಂದ ಇಂಟೆಲ್‌ನ ಎಂಟನೆಯ ಪೀಳಿಗೆ ಹಳೆಯ 1151 ಸಂಪರ್ಕಗಳ ಸಾಕೆಟ್ಟಿನಲ್ಲೇ ಕೂರುತ್ತಿತ್ತು, ಆದರೆ ಹೊಸ 300 ಸರಣಿಯ ಚಿಪ್‌ಸೆಟ್ ಇಲ್ಲದೆ ನಡೆಯದೆಂದು ಕಂಪನಿ ಕಟ್ಟುಮಾಡಿತು. ಇದಕ್ಕೆ ವಿರುದ್ಧವಾಗಿ ಎಎಂಡಿಯ ಎಎಂ4 ಸಾಕೆಟ್ 2017ರ ಮೊದಲ ರೈಜನ್‌ನಿಂದ 5000 ಸರಣಿಯವರೆಗೆ ಹಲವು ಪೀಳಿಗೆಗಳನ್ನು ಸಾಕಿತು. ಹಳೆಯ ಬೋರ್ಡಿಗೆ ಬಯಾಸನ್ನು ಹೊಸದು ಮಾಡಬೇಕಿತ್ತು, ಅಷ್ಟೆ.

ನಮ್ಮ ನಾಡಿನ ಹೆಮ್ಮೆಯ ಒಂದು ಉದಾಹರಣೆಯೂ ಇದೆ. 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಇಂಟೆಲ್ ಝಿಯಾನ್ 7400, ಅಡ್ಡಹೆಸರು ಡನಿಂಗ್ಟನ್, ಆರು ತಿರುಳುಗಳ, 190 ಕೋಟಿ ಟ್ರಾನ್ಸಿಸ್ಟರುಗಳ ಪ್ರೊಸೆಸರು. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಹಿಂದಿನ 7300 ಸರಣಿಗೆಂದು ಮಾಡಿದ್ದ ಸರ್ವರುಗಳ ಸಾಕೆಟ್ಟಿನಲ್ಲೇ ಅದು ಕೂರುವಂತೆ ರೂಪಿಸಿದ್ದರು. ಹೊಸ ಸೊಸೆ ಹಳೆಯ ಮನೆಗೆ ಹೊಂದಿಕೊಂಡು ಬಾಳಿದ ಹಾಗೆ.

ಮೊಮ್ಮಗನಿಗೆ ನಾನು ಕೊನೆಗೆ ಹೇಳಿದ್ದನ್ನು ನಿಮ್ಮ ಮಕ್ಕಳಿಗೂ ಹೇಳಿರಿ. ಮೊದಲು ಸಾಕೆಟ್ಟನ್ನು ನೋಡು. ಅದು ಕೂಡಿದ ಮಾತ್ರಕ್ಕೆ ನಂಬಬೇಡ. ಎರಡನೆಯದಾಗಿ, ವೇಗ ಏರಿಸಲು ಪ್ರೊಸೆಸರೂ ಚಿಪ್‌ಸೆಟ್ಟೂ ಇಬ್ಬರೂ ಒಪ್ಪಬೇಕು. ಇಂಟೆಲ್‌ನಲ್ಲಿ 2011ರಿಂದ ಸಾಮಾನ್ಯವಾಗಿ ಕೆ ಅಕ್ಷರವಿರುವ ಪ್ರೊಸೆಸರಿಗೆ ಗುಣಕದ ಬೀಗ ಪೂರ್ತಿ ತೆರೆದಿರುತ್ತದೆ. ಬೋರ್ಡು ಸಾಮಾನ್ಯವಾಗಿ ಝಡ್ ಸರಣಿಯದ್ದಾಗಬೇಕು. ಎಎಂಡಿ ರೈಜನ್‌ಗಳಲ್ಲಿ ಕೆಲವನ್ನು ಬಿಟ್ಟು ಉಳಿದವಕ್ಕೆ ಬೀಗವಿಲ್ಲ, ಆದರೆ ಎ320ಯಂಥ ಅಗ್ಗದ ಚಿಪ್‌ಸೆಟ್ ಅವಕಾಶ ಕೊಡುವುದಿಲ್ಲ. ಮೂರನೆಯದು ಮೆಮೊರಿ: 2021ರಲ್ಲಿ ಬಂದ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ; 2022ರ ಎಎಂ5ಕ್ಕೆ ಡಿಡಿಆರ್5 ಮಾತ್ರ. ನಾಲ್ಕನೆಯದು, ಬೋರ್ಡು ತಯಾರಕರ ಪಟ್ಟಿಯಲ್ಲಿ ನಿನ್ನ ಪ್ರೊಸೆಸರಿನ ಹೆಸರೂ, ಅದಕ್ಕೆ ಬೇಕಾದ ಬಯಾಸ್ ಆವೃತ್ತಿಯೂ ಇದೆಯೇ ನೋಡು. ಐದನೆಯದೇ ಮುಖ್ಯ: ಊಟ ಬಡಿಸುವ ವಿದ್ಯುತ್ ಭಾಗ ಗಟ್ಟಿಯಿದೆಯೇ, ಅದರ ಮೇಲೆ ಶಾಖ ಹೀರುವ ಲೋಹವಿದೆಯೇ, ಕೆಪಾಸಿಟರುಗಳು ಘನ ಪಾಲಿಮರಿನವೇ ನೋಡು.

ಮತ್ತೆ ಭೌತಶಾಸ್ತ್ರವನ್ನು ಮರೆಯಬೇಡ. ಪ್ರೊಸೆಸರು ಉಣ್ಣುವ ಶಕ್ತಿ ವೇಗದೊಡನೆ ನೇರವಾಗಿ ಏರಿದರೆ, ವೋಲ್ಟೇಜಿನೊಡನೆ ಅದರ ವರ್ಗದಂತೆ ಏರುತ್ತದೆ. ವೇಗ ಒಂದೂವರೆ ಪಟ್ಟಾಗಿ, ವೋಲ್ಟೇಜು 2ರಿಂದ 2.2ಕ್ಕೆ ಹೋದರೆ ಶಾಖ ಹೆಚ್ಚುಕಡಿಮೆ 1.8 ಪಟ್ಟು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳು ಅಸ್ಥಿರವಾದಾಗ, ಅವು ಮಿತಿಮೀರಿದ ವೋಲ್ಟೇಜು ಕೇಳುತ್ತಿದ್ದುದೇ ಕಾರಣವೆಂದು ಕಂಪನಿಯೇ ಒಪ್ಪಿ, ಬಯಾಸಿನ ಮೂಲಕ ತಿದ್ದುಪಡಿ ಕಳಿಸಿ, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ತಾವಾಗಿ ವೇಗ ಏರಿಸದವರೂ ಅದರಲ್ಲಿ ತೊಂದರೆಗೊಳಗಾದರು. ಆದ್ದರಿಂದ ಯಂತ್ರ ಸತ್ತರೆ ಮೊದಲು ಪರೀಕ್ಷೆ, ಆಮೇಲೆ ತೀರ್ಪು.

ಇನ್ನು ಸಾಲದ ಮಾತು. ಇನ್ನೊಬ್ಬ ವಿದ್ಯಾರ್ಥಿಯಿಂದ ಸಂಖ್ಯೆ ಪಡೆದು, ಕಳೆದ ತಿಂಗಳು ನಾನು ಆ ಹುಡುಗನಿಗೆ ಫೋನು ಮಾಡಿದೆ. ಹುಡುಗನೇನು, ನಲವತ್ತು ದಾಟಿದ ಸಂಸಾರಸ್ಥ. ಅಟ್ಟದಲ್ಲಿ ಕಂಡದ್ದನ್ನು ಹೇಳಿದೆ. ತಪ್ಪು ನನ್ನದೆಂದೂ, ಹಣವನ್ನು ಹಿಂದಿರುಗಿಸುತ್ತೇನೆಂದೂ ಹೇಳಿದೆ. "ಪರವಾಗಿಲ್ಲ ಸರ್" ಎನ್ನುತ್ತಾನೆಂದು ಎಣಿಸಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದು ನನಗೆ ತುಂಬ ನೋವಾಗಿತ್ತು ಸರ್" ಎಂದ. ಅದಾದ ಮೇಲೆ, "ಆ ಪ್ರೊಸೆಸರ್ ಇದೆಯಾ?" ಎಂದು ಕೇಳಿದ. ಇದೆ ಎಂದೆ. ಅದನ್ನು ಕಳಿಸಿಕೊಡಲು ಹೇಳಿದ, ಹಣ ಬೇಡವೆಂದ. ಪ್ರೊಸೆಸರನ್ನು ಹತ್ತಿಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದ್ದೇನೆ. ಸಾವಿರದ ಎಂಟುನೂರನ್ನೂ ಜೊತೆಗಿಟ್ಟಿದ್ದೇನೆ. ಇಟ್ಟುಕೊಳ್ಳುವುದು ಬಿಡುವುದು ಅವನಿಗೆ ಸೇರಿದ್ದು.

ಆದರೆ ಫೋನಿನಲ್ಲಿ ಕ್ಷಮೆ ಕೇಳಿದರೆ ಲೆಕ್ಕ ಚುಕ್ತವಾಗುವುದಿಲ್ಲ. ನಾನು ಆಡಿದ್ದು ಎಲ್ಲರೆದುರು. 2002ರ ಆ ಶನಿವಾರ ಆ ಕೋಣೆಯಲ್ಲಿದ್ದ ಮೂವತ್ತು ಮಂದಿಯಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ನಿಮ್ಮ ಮೇಷ್ಟ್ರು ಅಂದು ತಪ್ಪು ಹೇಳಿದ್ದರು. ಅವನು ಆರಿಸಿದ ಜೋಡಿ ಸರಿಯಾಗಿತ್ತು, ಮಾಡಿದ ಲೆಕ್ಕವೂ ಸರಿಯಾಗಿತ್ತು. ಆ ದಿನದ ಮಾತನ್ನು ನಿಮ್ಮ ನೆನಪಿನಲ್ಲಿ ಹೀಗೆ ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.